ಹಡಗು ಬರುವ ತನಕ ನಡೆಯಬೇಡ

ಟೋಕಿ ಯಾರ ಕೈಯನ್ನೂ ಹಿಡಿಯದೆ ಮೊದಲ ಸಲ ನಡೆದದ್ದು ಎಲ್ಸ್ಪಾಳ ಅಡುಗೆಮನೆಯಲ್ಲಿ, ಆಲೂಗಡ್ಡೆ ತುಂಬಿದ ಬಕೆಟ್ಟಿನ ಕಡೆಗೆ. ಎಲ್ಸ್ಪಾ ಊರಿನ ಕೂಸುಗಳನ್ನು ಹಗಲೆಲ್ಲ ತನ್ನ ಮನೆಯಲ್ಲೇ ನೋಡಿಕೊಳ್ಳುವವಳು. ಮಕ್ಕಳು ಬೀಳುವುದನ್ನೂ ಏಳುವುದನ್ನೂ ಅವಳಷ್ಟು ಕಂಡವರು ಆ ಊರಿನಲ್ಲಿ ಇನ್ನೊಬ್ಬರಿಲ್ಲ. ಆದರೂ ಕೈಯಲ್ಲಿದ್ದ ಚಾಕು ಬದಿಗಿಟ್ಟು ಚಪ್ಪಾಳೆ ತಟ್ಟಿದಳು. ಟೋಕಿ ಅವಳತ್ತ ತಿರುಗಿಯೂ ನೋಡಲಿಲ್ಲ. ಒಂದು ಆಲೂಗಡ್ಡೆ ಎತ್ತಿಕೊಂಡ, ಕಚ್ಚಿದ, ಮುಖ ಕಿವುಚಿದ, ದೊಪ್ಪನೆ ಕೂತುಬಿಟ್ಟ.

ಸಂಜೆ ಸಾಲ್ಮನ್ ಮೀನಿನ ಪ್ಯಾಕಿಂಗ್ ಕೆಲಸ ಮುಗಿಸಿ ಅವನ ತಾಯಿ ಬೈಂಟಾ ಬಂದಾಗ, ಎಲ್ಸ್ಪಾ ಬಾಗಿಲಲ್ಲೇ ಸುದ್ದಿ ಕೊಟ್ಟಳು. "ನಿನ್ನ ಮಗ ಇವತ್ತು ನಡೆದ ಕಣೇ."

ಬೇರೆ ತಾಯಿಯಾಗಿದ್ದರೆ ಕುಣಿದಾಡುತ್ತಿದ್ದಳು. ಬೈಂಟಾ ಬಾಗಿಲಿಗೆ ಒರಗಿದಳು. "ಅಯ್ಯೋ, ಈಗಲೇನಾ? ಇನ್ನೊಂದು ಮೂರು ವಾರ ತಡ್ಕೊಳ್ಳೋಕೆ ಆಗ್ತಿರ್ಲಿಲ್ವಾ ಇವನಿಗೆ?"

"ಅವನಿಗೆ ಕ್ಯಾಲೆಂಡರ್ ಓದೋಕೆ ಬರಲ್ಲ," ಎಂದಳು ಎಲ್ಸ್ಪಾ.

ಮೂರು ವಾರ ಕಳೆದರೆ ಅವಳ ಗಂಡ ಹಾನುಸ್ ಬರುತ್ತಿದ್ದ. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳ ಬಹಳಷ್ಟು ಗಂಡಸರಂತೆ ಅವನ ಕೆಲಸವೂ ಸಮುದ್ರದ ಮೇಲೆ. ಬ್ಯಾರೆಂಟ್ಸ್ ಸಮುದ್ರಕ್ಕೆ ಹೋಗುವ ಮೀನುಹಡಗಿನಲ್ಲಿ. ಹೋದನೆಂದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಮಗಳು ಬ್ರಿನ್ಯಾ ನಡೆಯಲು ಕಲಿತಾಗಲೂ ಅವನು ಹಡಗಿನಲ್ಲಿದ್ದ. ಆಮೇಲೆ ಫೋನಿನಲ್ಲಿ ತೆಗೆದಿಟ್ಟಿದ್ದ ವಿಡಿಯೊ ನೋಡಿದ, ಮತ್ತೆ ಮತ್ತೆ ನೋಡಿದ, ಕೊನೆಗೆ ಫೋನನ್ನು ಹಿಂತಿರುಗಿಸಿದ. ಈ ಸಲ ಹೊರಡುವ ಮುನ್ನ ಚೀಲ ಹೆಗಲಿಗೇರಿಸಿಕೊಂಡೇ ಹೆಂಡತಿಗೆ ಹೇಳಿದ್ದ: "ಹಲ್ಲು ಬರಲಿ, ಮಾತು ಬರಲಿ, ನಾನಿಲ್ದಾಗ ಏನು ಬೇಕಾದ್ರೂ ಬರಲಿ. ನಡೆಯೋದೊಂದನ್ನ ನನಗೆ ಬಿಡು, ಬೈಂಟಾ."

ಬೈಂಟಾ "ಆಯ್ತು" ಎಂದುಬಿಟ್ಟಿದ್ದಳು, ಕೂಸಿನ ಕಾಲು ತನ್ನ ಹಿಡಿತದಲ್ಲಿದೆ ಎನ್ನುವಂತೆ. ಪ್ರೀತಿ ಇದ್ದಲ್ಲಿ ಇಂಥ ಮಾತು ಬಾಯಿಂದ ಜಾರಿಬಿಡುತ್ತದೆ. ಈಗ ಮಾತು ಉಳಿಸಿಕೊಳ್ಳುವ ದಾರಿ ಒಂದೇ ಇತ್ತು. ಟೋಕಿ ಇನ್ನೂ ನಡೆದೇ ಇಲ್ಲ ಎಂದು ಸಾಧಿಸುವುದು.

"ಯಾರಿಗೂ ಹೇಳ್ಬೇಡ," ಎಂದು ಎಲ್ಸ್ಪಾಳಿಗೆ ಕೈಮುಗಿಯುವಷ್ಟು ಬೇಡಿಕೊಂಡಳು. "ಅವನು ಎದ್ರೆ ಕೂರಿಸಿಬಿಡು."

"ಕೂರಿಸ್ತೀನಿ. ಅವನು ಏಳ್ತಾನೆ. ಮತ್ತೆ ಕೂರಿಸ್ತೀನಿ. ನನಗೂ ಮಾಡೋಕೆ ಬೇರೇನೂ ಕೆಲಸ ಇಲ್ವಲ್ಲ!" ಎಲ್ಸ್ಪಾ ತಲೆ ಅಲ್ಲಾಡಿಸಿದಳು. "ನೋಡು, ಕಾಲನ್ನಂತೂ ನಾನು ಕಟ್ಟಿಹಾಕಲ್ಲ. ಬಾಯಿ ಬೇಕಾದ್ರೆ ಕಟ್ಕೋತೀನಿ."

ಬಾಯಿ ಕಟ್ಟಿಕೊಂಡಳೋ ಇಲ್ಲವೋ, ಮರುದಿನ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಅದು ಒಬ್ಬರ ಮನೆಯ ಕುರಿ ಕೆಮ್ಮಿದರೆ ದಂಡೆಯ ಆಚೆ ತುದಿಯವರು ಔಷಧಿ ಹೇಳಿ ಕಳಿಸುವಂಥ ಊರು. ಆದರೆ ಒಂದು ಮಾತು ಒಪ್ಪಬೇಕು: ಗೊತ್ತಾದದ್ದು ಊರು ದಾಟಿ ಹಡಗು ಮುಟ್ಟಲಿಲ್ಲ. ಅಂಗಡಿಯವಳು ಹಾಲು ಕೊಡುವಾಗ ಕಣ್ಣು ಮಿಟುಕಿಸಿ, "ಇನ್ನೂ ನಡೆದಿಲ್ಲ ತಾನೆ?" ಎಂದು ಕೇಳುತ್ತಿದ್ದಳು. ಬೈಂಟಾ, "ಎಲ್ಲಿ, ಮಹಾ ಸೋಮಾರಿ," ಎನ್ನುತ್ತಿದ್ದಳು. ಸೋಮಾರಿ ಅಷ್ಟರಲ್ಲಿ ತನ್ನ ತಳ್ಳುಗಾಡಿಯಿಂದ ಇಳಿಯಲು ಒಂದು ಕಾಲು ಹೊರಗೆ ಹಾಕಿರುತ್ತಿದ್ದ.

ಈ ಸಂಚಿನಲ್ಲಿ ಎಲ್ಲರಿಗಿಂತ ಹುರುಪಿನವಳು ಹಾನುಸನ ತಾಯಿ. ಮೊಮ್ಮಕ್ಕಳು ಕರೆಯುವಂತೆ ಊರೇ ಅವಳನ್ನು ಒಮ್ಮಾ ಎನ್ನುತ್ತಿತ್ತು. ಅವಳು ಟೋಕಿಗೆ ದಪ್ಪ ಉಣ್ಣೆಯ ಕಾಲುಚೀಲ ಹೆಣೆದು ತಂದಳು. ಮರದ ನೆಲದ ಮೇಲೆ ಅದು ಜಾರುತ್ತದೆ, ಎದ್ದರೂ ಎರಡು ಹೆಜ್ಜೆ ಹೋಗಲಾರ ಎಂಬ ಲೆಕ್ಕ. ಟೋಕಿ ಕಾಲುಚೀಲ ಕಿತ್ತೆಸೆದು ಬರಿಗಾಲಲ್ಲಿ ಹೊರಟ.

"ನನ್ನ ಕೈಲಿ ಆಗಲ್ಲ ಒಮ್ಮಾ," ಎಂದಳು ಬೈಂಟಾ. "ಫೋನಲ್ಲಿ ಅವನ ದನಿ ಕೇಳಿದ್ರೆ ನನಗೆ ನಗು ಬರುತ್ತೆ."

"ನಗು ಬಂದ್ರೆ ಹವಾಮಾನ ಕೇಳು," ಎಂದಳು ಒಮ್ಮಾ. "ಮುಚ್ಚಿಡೋದು ನನಗೇನು ಹೊಸದಾ? ನಮ್ಮ ಮಾವ ತೀರಿಕೊಂಡಾಗ ನನ್ನ ಗಂಡ ಗ್ರೀನ್‌ಲ್ಯಾಂಡಿನ ಹತ್ರ ಇದ್ರು. ಹಡಗು ಮನೆ ಕಡೆ ತಿರುಗೋವರೆಗೂ ಒಂದಕ್ಷರ ಬಿಟ್ಟಿರಲಿಲ್ಲ ನಾನು. ಎಲ್ಲಾ ಚೆನ್ನಾಗಿದೀವಿ, ನಿಮ್ಮಲ್ಲಿ ಗಾಳಿ ಹೆಂಗಿದೆ, ಅಷ್ಟೇ."

ಅದು ಅವಳೊಬ್ಬಳ ಕಟ್ಟುಪಾಡಲ್ಲ. ಹಡಗಿನವರ ಮನೆಗಳಲ್ಲೆಲ್ಲ ಹಾಗೇ ನಡೆದುಬಂದಿತ್ತು. ನಡುನೀರಿನಲ್ಲಿರುವ ಗಂಡಸಿಗೆ ಕೆಟ್ಟ ಸುದ್ದಿ ಹೇಳಿ ಏನು ಪ್ರಯೋಜನ? ಅವನು ಓಡಿ ಬರಲಾರ. ಬಲೆಯ ಹಗ್ಗದ ನಡುವೆ ಮನಸ್ಸು ಕೆಡಿಸಿಕೊಂಡು ಕೈಯೋ ಕಾಲೋ ಕಳೆದುಕೊಂಡಾನು. ಆದ್ದರಿಂದ ಹೆಂಗಸರು ನುಂಗಿಕೊಳ್ಳುತ್ತಿದ್ದರು. ಬೈಂಟಾ ಕೂಡ ಇಂಥ ಮನೆಯಲ್ಲೇ ಬೆಳೆದವಳು.

ಹಡಗಿನ ಇಂಟರ್ನೆಟ್ಟಿಗೆ ವಿಡಿಯೊ ಎಳೆಯುವಷ್ಟು ತ್ರಾಣವಿರಲಿಲ್ಲ. ಭಾನುವಾರಗಳಂದು ದನಿ ಮಾತ್ರ ಬರುತ್ತಿತ್ತು, ಅದೂ ಕಡಿದು ಕಡಿದು.

"ಟೋಕಿ ಏನು ಮಾಡ್ತಿದಾನೆ?"

"ಏನೂ ಇಲ್ಲ. ಹೊರಗೆ ಗಾಡಿಯಲ್ಲಿ ಮಲಗಿದಾನೆ. ಅಲ್ಲಿ ಗಾಳಿ ಹೆಂಗಿದೆ?"

"ಗಾಳಿ ಇದ್ದೇ ಇದೆ. ಎದ್ದು ನಿಂತ್ಕೋತಾನಾ?"

"ಇನ್ನೂ ಇಲ್ಲಪ್ಪ. ಊಟ ಸರಿಯಾಗಿ ಮಾಡ್ತಿದೀಯಾ?"

ಆಗ ಬ್ರಿನ್ಯಾ ಫೋನ್ ಕಿತ್ತುಕೊಂಡಳು. ಏಳು ವರ್ಷದ ಹುಡುಗಿ, ಗುಟ್ಟೆಂದರೆ ಅವಳ ಹೊಟ್ಟೆಯಲ್ಲಿ ನಿಲ್ಲದು. "ಅಪ್ಪಾ, ಟೋಕಿ ವಿಷಯ ಏನೂ ಹೇಳ್ಬಾರ್ದು ಅಂತ ಅಮ್ಮ ಹೇಳಿದಾಳೆ!"

ಬೈಂಟಾ ಫೋನನ್ನು ಮರಳಿ ಕಸಿದುಕೊಂಡು, "ಇವಳಿಗೇನು ಗೊತ್ತು, ಸುಮ್ನೆ ಬಡಬಡಿಸ್ತಾಳೆ," ಎಂದು, ನಗು ತಡೆಯಲಾಗದೆ ಕರೆ ಮುಗಿಸಿಬಿಟ್ಟಳು.

ಅಲ್ಲಿಂದ ಮುಂದೆ ಹಾನುಸ್ ವಾರದ ನಡುವೆಯೂ ಕರೆ ಮಾಡತೊಡಗಿದ. ಹೆಚ್ಚು ಮಾತಿಲ್ಲ. "ಟೋಕಿ?" ಎನ್ನುತ್ತಿದ್ದ. "ಚೆನ್ನಾಗಿದಾನೆ," ಎಂದರೆ ಫೋನ್ ಇಟ್ಟುಬಿಡುತ್ತಿದ್ದ. ಮನೆಯ ಹಂಬಲ ಹೆಚ್ಚಿರಬೇಕು ಎಂದುಕೊಂಡು ಬೈಂಟಾ ಒಳಗೊಳಗೇ ಹಿಗ್ಗಿದಳು. ಹಾನುಸನ ಜೊತೆ ಒಂದೇ ಹಡಗಿನಲ್ಲಿದ್ದ ರೇಗಿನನ ಹೆಂಡತಿ ಸುನ್ವಾ ಕೂಡ ತನ್ನ ನಿಷ್ಠೆಯ ಬಗ್ಗೆ ಕೊಚ್ಚಿಕೊಂಡಳು: "ನಮ್ಮೋನು ಟೋಕಿ ಹೆಂಗಿದಾನೆ ಅಂತ ಕೇಳ್ದ. ಅದೊಂದು ಕೇಳ್ಬೇಡ, ನಾನು ಹೇಳೋ ಹಾಗಿಲ್ಲ, ನೀನೂ ಅವನ ಹತ್ರ ಆ ಮಾತೆತ್ತಬೇಡ ಅಂದೆ. ಅಲ್ಲಿಗೆ ಮುಗೀತು." ಇಬ್ಬರೂ ನಕ್ಕರು.

ಹಡಗು ಬಂದರಿಗೆ ಬಂದದ್ದು ಒಂದು ಶನಿವಾರ. ಬೈಂಟಾ ಮುಂಜಾನೆಯೇ ಎದ್ದು ಟೋಕಿಗೆ ಸ್ನಾನ ಮಾಡಿಸಿ, ಹೊಸ ಸ್ವೆಟರ್ ತೊಡಿಸಿದಳು. ಒಮ್ಮಾ ಒಣಗಿಸಿದ ಕುರಿಮಾಂಸವನ್ನು ತೆಳ್ಳಗೆ ಕೊಯ್ದಿಟ್ಟಳು. ಎಲ್ಸ್ಪಾ ಕೇಕಿನ ನೆಪ ಮಾಡಿಕೊಂಡು ಬಂದು ಕೂತಳು. ಉಪಾಯ ಸರಳವಾಗಿತ್ತು. ಟೋಕಿಯನ್ನು ಸೋಫಾಕ್ಕೆ ಒರಗಿಸಿ ನಿಲ್ಲಿಸುವುದು, ಹಾನುಸ್ ಎದುರಿಗೆ ಕೂತು ಕೈ ಚಾಚುವುದು, ಉಳಿದದ್ದನ್ನು ಟೋಕಿ ನೋಡಿಕೊಳ್ಳುತ್ತಾನೆ. ಎಲ್ಲರೂ ಮೊದಲ ಸಲ ಕಂಡವರಂತೆ ಬೆರಗಾಗಬೇಕು. ಎಲ್ಸ್ಪಾ ಬೆರಗಾಗುವುದನ್ನು ಒಂದೆರಡು ಸಲ ಮಾಡಿಯೂ ತೋರಿಸಿದಳು.

ಹಾನುಸ್ ಒಳಗೆ ಬಂದ. ಬೂಟು ಬಿಚ್ಚಲಿಲ್ಲ. ಹೆಂಡತಿಯನ್ನು ಅಪ್ಪಿಕೊಳ್ಳಲಿಲ್ಲ, ಬ್ರಿನ್ಯಾ ಸೊಂಟಕ್ಕೆ ಜೋತುಬಿದ್ದದ್ದೂ ಅವನ ಗಮನಕ್ಕೆ ಬಂದಂತಿರಲಿಲ್ಲ. ನೇರ ಹೋಗಿ ಟೋಕಿಯನ್ನು ಎತ್ತಿಕೊಂಡ. ಅವನ ತೊಡೆ ಹಿಸುಕಿ ನೋಡಿದ, ಪಾದ ಹಿಡಿದು ಬಗ್ಗಿಸಿ ನೋಡಿದ, ಬೆನ್ನು ಸವರಿದ, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣೊಳಗೆ ದಿಟ್ಟಿಸಿದ. ಗಡ್ಡ ಬಿಟ್ಟ ಈ ಅಪರಿಚಿತನನ್ನು ಕಂಡು ಟೋಕಿ ಮನೆ ಹಾರಿಹೋಗುವಂತೆ ಕಿರುಚಿದ.

"ಕೊಡು, ಕೊಡು ಇಲ್ಲಿ," ಎಂದು ಬೈಂಟಾ ಮಗುವನ್ನು ಇಸಿದುಕೊಂಡು, ಸಮಾಧಾನ ಮಾಡಿ, ಸೋಫಾಕ್ಕೆ ಒರಗಿಸಿ ನಿಲ್ಲಿಸಿದಳು. "ನೀನು ಅಲ್ಲಿ ಕೂತ್ಕೋ ಹಾನುಸ್. ಕೈ ಚಾಚು."

ಅವನು ಹೇಳಿದಂತೆ ಕೂತ. ಕೈ ಚಾಚಿದ. ಟೋಕಿ ಬಿಕ್ಕುತ್ತಲೇ ಆ ಕೈಗಳನ್ನು ನೋಡಿದ, ಗಡ್ಡವನ್ನು ನೋಡಿದ. ಆಮೇಲೆ ಅವನಿಗೆ ಬೆನ್ನು ತಿರುಗಿಸಿ, ಕೋಣೆಯನ್ನು ಉದ್ದಕ್ಕೆ ದಾಟಿ, ಪಟಪಟನೆ ನಡೆದುಹೋಗಿ ಎಲ್ಸ್ಪಾಳ ಮಂಡಿಯನ್ನು ತಬ್ಬಿಕೊಂಡ.

ಬೆರಗಾಗಲು ಯಾರಿಗೂ ನೆನಪಾಗಲಿಲ್ಲ. ಹಾನುಸ್ ಚಾಚಿದ ಕೈಗಳನ್ನು ಕೆಳಗಿಳಿಸಿ, ಮುಖ ಮುಚ್ಚಿಕೊಂಡು ಅಳತೊಡಗಿದ. ಬೈಂಟಾ ನೋಡಿದಳು. ಇಷ್ಟು ಕಾದು, ಇಷ್ಟು ಸುಳ್ಳು ಹೇಳಿ, ಅವನಿಗೆ ಉಳಿಸಿಟ್ಟದ್ದು ಇದನ್ನೇ? ಮಗ ತನ್ನಿಂದ ದೂರ ನಡೆದುಹೋಗುವುದನ್ನು?

ಅವಳು ಅವನ ಪಕ್ಕದಲ್ಲಿ ಕುಸಿದು ಕೂತು ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟಳು. "ಅಳ್ಬೇಡ ಕಣೋ. ಇದು ಮೊದಲ್ನೇದಲ್ಲ, ಲೆಕ್ಕಕ್ಕಿಲ್ಲ ಇದು. ಮೂರು ವಾರದಿಂದ ನಡೀತಿದಾನೆ. ಮೊದಲು ನಡೆದದ್ದು ಎಲ್ಸ್ಪಾ ಮನೆ ಆಲೂಗಡ್ಡೆ ಬಕೆಟ್ಟಿಗೆ. ನಿನಗೋಸ್ಕರ ಮುಚ್ಚಿಟ್ಟಿದ್ವಿ. ನೀನೇ ನೋಡ್ಲಿ ಅಂತ."

ಹಾನುಸ್ ಮುಖ ಎತ್ತಿದ. "ಮೂರು ವಾರದಿಂದ?"

"ಹೂಂ."

"ಅವನ ಕಾಲಿಗೆ ಏನೂ ಆಗಿಲ್ವಾ?"

"ಕಾಲಿಗಾ? ಏನಾಗತ್ತೆ ಕಾಲಿಗೆ?"

"ನೀನು ಏನೂ ಹೇಳ್ತಿರ್ಲಿಲ್ಲ," ಎಂದ ಹಾನುಸ್. "ಕೇಳಿದ್ರೆ ಗಾಳಿ ಹೆಂಗಿದೆ ಅಂತಿದ್ದೆ. ಮಗಳು ಹೇಳ್ಬಾರ್ದಂತೆ ಅಂದ್ಲು, ನೀನು ಫೋನ್ ಕಿತ್ಕೊಂಡು ಇಟ್ಬಿಟ್ಟೆ. ರೇಗಿನ್ ನನ್ನ ಮುಖ ನೋಡೋದೇ ಬಿಟ್ಟ. ಅವನ ಕಾಫೀನೂ ನನಗೇ ಕೊಡ್ತಿದ್ದ, ನನ್ನ ಪಾಳಿಯನ್ನೂ ಅವನೇ ಮಾಡ್ತಿದ್ದ. ಯಾವಾಗ ಹಾಗೆಲ್ಲ ಮಾಡ್ತಾರೆ ಅಂತ ನನಗೆ ಗೊತ್ತಿಲ್ವಾ? ಹಡಗು ಈ ಕಡೆ ತಿರುಗಿದ ಮೇಲೆ ನೀನು ಹೇಳ್ತೀಯ ಅಂತ ಕಾದೆ. ಹೇಳ್ಲಿಲ್ಲ. ಹಾಗಿದ್ರೆ ಹೇಳೋಕೂ ಆಗದಂಥದ್ದೇ ಇರ್ಬೇಕು ಅಂದ್ಕೊಂಡೆ." ಅವನು ಟೋಕಿಯ ಕಡೆ ಕೈ ತೋರಿಸಿದ. "ಈಗ ನಡೆದ. ನನ್ನ ಕಣ್ಣೆದುರಿಗೇ ನಡೆದ. ಅದಕ್ಕೆ ಅತ್ತೆ. ಯಾವ ಕಡೆ ನಡೆದ್ರೆ ನನಗೇನು?"

ಬೈಂಟಾಳಿಗೆ ಕೂತ ನೆಲ ಬಿರಿಯಬಾರದೇ ಅನ್ನಿಸಿತು. ಸಂತೋಷವನ್ನು ಮುಚ್ಚಿಡಲೂ ಅವರು ಬಳಸಿದ್ದು ಸಾವನ್ನು ಮುಚ್ಚಿಡುವ ಮಾತುಗಳನ್ನೇ. ಆ ಮಾತುಗಳನ್ನು ಕೇಳಿಯೇ ಬೆಳೆದ ಗಂಡಸಿಗೆ ಬೇರೆ ಏನು ಅರ್ಥವಾದೀತು? ಊರಲ್ಲಿ ಅಷ್ಟು ಜನರಿದ್ದರು, ಒಬ್ಬರಿಗೂ ಇದು ಹೊಳೆದಿರಲಿಲ್ಲ. ಒಮ್ಮಾ ಯಾರ ಮುಖವನ್ನೂ ನೋಡದೆ ಎದ್ದು ಅಡುಗೆಮನೆಗೆ ಹೋದಳು. ಕಾಫಿ ಕುದಿಸುವ ಸದ್ದು ಬೇಕಿದ್ದಕ್ಕಿಂತ ಜೋರಾಗಿ ಕೇಳಿಸಿತು.

"ಇನ್ಮೇಲೆ ಹೇಳಿ," ಎಂದ ಹಾನುಸ್, ಕಣ್ಣೊರೆಸಿಕೊಂಡು. "ನಾನು ನೋಡದೇ ಹೋದ್ರೆ ಹೋಗ್ಲಿ. ಕೇಳ್ತೀನಿ. ಒಳ್ಳೇದಾದ್ರೂ ಹೇಳಿ, ಕೆಟ್ಟದಾದ್ರೂ ಹೇಳಿ."

ಅಡುಗೆಮನೆಯಲ್ಲಿ ಸದ್ದು ನಿಂತಿತು. "ಕೆಟ್ಟದನ್ನೂನಾ?" ಎಂದು ಒಮ್ಮಾ ಅಲ್ಲಿಂದಲೇ ಕೇಳಿದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ಬೈಂಟಾ ಎಂದೂ ಕೇಳಿರಲಿಲ್ಲ.

"ಕೆಟ್ಟದನ್ನೂ, ಅಮ್ಮ."

ಕಪ್ಪುಗಳನ್ನು ಜೋಡಿಸುವ ಸದ್ದಿನ ಜೊತೆಗೆ ಒಳಗಿನಿಂದ, "ಆಗ್ಲಿ," ಎಂಬ ಉತ್ತರ ಬಂತು.

ಹಾನುಸ್ ಆಗ ಬೂಟು ಬಿಚ್ಚಿದ, ಬ್ರಿನ್ಯಾಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ. "ಈಗ ಹೇಳು," ಎಂದ ಬೈಂಟಾಳಿಗೆ. "ಮೊದಲಿಂದ. ಒಂದನ್ನೂ ಬಿಡ್ಬೇಡ." ಬೈಂಟಾ ಹೇಳತೊಡಗಿದಳು. ಎರಡು ಹಲ್ಲು ಒಟ್ಟಿಗೆ ಬಂದದ್ದು, ಕೆಮ್ಮು ಹಿಡಿದು ಒಂದು ವಾರ ನಿದ್ದೆಗೆಟ್ಟದ್ದು, ಅದನ್ನೂ ಅವನಿಗೆ ಹೇಳಿರಲಿಲ್ಲ. ನಾಯಿಗೂ ಹಾಲಿಗೂ ಟೋಕಿ ಒಂದೇ ಹೆಸರಿಟ್ಟಿರುವುದು, ಚರ್ಚಿನಲ್ಲಿ ಪಾದ್ರಿಯ ಪ್ರಾರ್ಥನೆಯ ನಡುವೆ ಗಟ್ಟಿಯಾಗಿ ನಕ್ಕದ್ದು. ಬ್ರಿನ್ಯಾ ನಡುನಡುವೆ ತಿದ್ದುತ್ತಿದ್ದಳು. ಎಲ್ಸ್ಪಾ ತನ್ನ ಪಾಲಿನದ್ದನ್ನೂ ಸೇರಿಸಿದಳು.

ಮಾತಿನಲ್ಲಿ ಮುಳುಗಿದ್ದವರು ಯಾರೂ ಟೋಕಿಯನ್ನು ಗಮನಿಸಲಿಲ್ಲ. ಅವನು ಎಲ್ಸ್ಪಾಳ ಮಂಡಿ ಬಿಟ್ಟು, ನಡೆಯುವ ಗೊಡವೆಗೇ ಹೋಗದೆ, ಅಂಬೆಗಾಲಿಟ್ಟುಕೊಂಡು ನಿಧಾನವಾಗಿ ಬಂದ. ಹಾನುಸನ ಹತ್ತಿರ ಬಂದು ಅವನ ಸ್ವೆಟರ್ ಹಿಡಿದು ಎದ್ದು ನಿಂತ. ಗಡ್ಡದೊಳಗೆ ಬೆರಳು ತೂರಿಸಿದ.

ಬೈಂಟಾ ಮಾತು ನಿಲ್ಲಿಸಿದಳು.

ಹಾನುಸ್ ಅಲ್ಲಾಡದೆ ಕೂತಿದ್ದ. "ನಿಲ್ಲಿಸ್ಬೇಡ," ಎಂದ ಮೆಲ್ಲಗೆ. "ಹೇಳು. ಆಮೇಲೆ ಏನಾಯ್ತು?"