ಕಂಬಳಿಯಾಚೆಯ ಕೈ

ಕೈ ಮತ್ತೆ ಹೊರಬಂತು, ಕಂಬಳಿಯಂಚಿನಿಂದ ಮೆಲ್ಲಗೆ, ಬಿಲದಿಂದ ಇಣುಕುವ ಇಲಿಮರಿಯ ಹಾಗೆ, ಈಗಷ್ಟೇ ಒಳಗಿಟ್ಟು ಹೊದಿಸಿದ್ದ ರಾಮಾಂಜಿನಪ್ಪ, ಲೇ ರುಕ್ಕು, ಕಳ್ಳಿ, ಕೈ ಒಳೀಕೆ ಎಳ್ಕೊ, ಬೆಳಗಾದ್ರೆ ಇಸ್ಕೂಲು, ಅಂದ — ಮಗಳು ಎಳೆದುಕೊಂಡಳು, ಕಣ್ಣು ಮಾತ್ರ ಮುಚ್ಚಲಿಲ್ಲ. ಒಲೆ ಆರಿದ ಕೂಡಲೇ ಹಾಸಿಗೆ, ಇದು ಈ ವಾರದ ಹೊಸ ಕಾಯಿದೆ, ಮಾಡಿದವನು ಅಪ್ಪ, ಮಾಡಿಸಿದವರು ಸೊಣ್ಣಪ್ಪ ಮೇಷ್ಟ್ರು, ಏನಯ್ಯಾ ರಾಮಾಂಜಿ, ನಿನ್ ಮಗಳು ಕಾಗುಣಿತದ ಮಧ್ಯೆ ಗೊರಕೆ ಹೊಡೀತಾಳಲ್ಲಯ್ಯಾ, ಹಿಂಗೇ ಆದ್ರೆ ಬರೋ ವರ್ಷಾನೂ ಒಂದನೇ ಕ್ಲಾಸೇ. ಅದನ್ನವನು ಮೇಷ್ಟ್ರ ಮೂಗುದನಿಯಲ್ಲೇ ಆಡಿ ತೋರಿಸಿದ್ದ, ರುಕ್ಕು ನಕ್ಕು ನಕ್ಕು ಎದ್ದೇ ಕೂತಿದ್ದಳು, ಮಲಗಿಸಹೋಗಿ ಎಬ್ಬಿಸಿದ ಹಾಗಾಗಿತ್ತು, ಇಡೀ ದೊಡ್ಡಬಳ್ಳಾಪುರವನ್ನೇ ಅಣಕಿಸುವ ಬಾಯಿಗೆ ಒಂದು ಜೋಗುಳ ಬರಬಾರದೇ — ಮಲಗಿಸಲು ಬರುತ್ತಿದ್ದದ್ದು ಹೆಂಡತಿ ಆದಿಲಕ್ಷ್ಮಮ್ಮನಿಗೆ, ಅವಳೂ ಹಾಡಿದವಳಲ್ಲ, ಮಗಳ ತಲೆದೆಸೆಯಲ್ಲಿ ರಾಟೆ ತಿರುಗಿಸುತ್ತ ಲಾಳಿಯ ಕಂಡಿಕೆಗೆ ನೂಲು ಸುತ್ತಿದವಳು, ಮಗ್ಗ ನಮಗೇ ಸಾಕು, ಇವಳಿಗೆ ಮಗ್ಗಿ ಬರ್ಲಿ, ಓದ್ಸಿ, ಅಂದಿದ್ದಳು, ಅವನ ಬಾಯಿಚಾಳಿ ಅವಳಿಗೂ ಹತ್ತಿತ್ತು, ಆ ಮಾತಿಗೆ ತಾನೆಷ್ಟು ನಕ್ಕಿದ್ದ, ಅವಳೂ ನಕ್ಕು, ನಗು ಕೆಮ್ಮಾಗಿ — ಸುಗ್ಗಿಯ ಹೊತ್ತಿಗೆ ಅವಳಿಲ್ಲ.

ಅಪ್ಪಾ, ಮಗ್ಗ ಯಾಕಾಡಲ್ಲ. ನೂಲಿಲ್ಲ ಕಣವ್ವಾ, ಯುದ್ಧ ಅಲ್ವಾ, ನೂಲೆಲ್ಲಾ ಕಂಟ್ರೋಲು. ಯುದ್ಧದಾಗೆ ನೂಲಿಟ್ಕೊಂಡು ಏನ್ಮಾಡ್ತಾರೆ. ಹರಿದಿದ್ದು ಹೊಲಕೋತಾರೇನೋ, ಮಲಕ್ಕೋ ನೀನು. ನೇಯಲು ಕಾಲಿಳಿಬಿಡುವ ಮಗ್ಗದ ಗುಣಿಯ ಪಕ್ಕದಲ್ಲೇ ಬೆಳೆದ ಕೂಸು, ಸದ್ದಿದ್ದರೆ ನಿದ್ದೆ, ಸದ್ದಡಗಿದರೆ ಎಚ್ಚರ, ಒಂದು ಗಳಿಗೆ ಬರಿದೇ ಆಡಿಸಿಬಿಡಲೇ — ಬೇಡ, ಬರಿ ಮಗ್ಗ ಆಡಿಸುವುದೂ ಬರಿ ತೊಟ್ಟಿಲು ತೂಗುವುದೂ ಒಂದೇ ಅಪಶಕುನ ಅನ್ನುತ್ತಿದ್ದಳು ಅವನವ್ವ. ಬಾಯಿಗೇನು ಶಾಸ್ತ್ರ, ಬಾಯಲ್ಲೇ ಆಡಿಸಿದ, ಟಕ್ಕು-ಟಕ್, ಟಕ್ಕು-ಟಕ್, ನಾಲಗೆಯೇ ಲಾಳಿ, ಹಲ್ಲಸಾಲೇ ಹಲಗೆ, ಮಗಳ ರೆಪ್ಪೆ ಭಾರವಾಯಿತು, ಆಯಿತು, ಇನ್ನೇನು — ಕೈ ಹೊರಬಂತು. ರಾಟೆ ಎಲ್ಲಪ್ಪಾ. ಸರಿ, ರಾಟೆಯೂ, ಗುಂಯ್ಯ್, ಗುಂಯ್ಯ್, ಮೂಗಿನಿಂದ, ಗೋಡೆಯಾಚೆಯಿಂದ ಮಾರಕ್ಕ ಕೂಗಿದಳು, ಏನ್ಲಾ ರಾಮಾಂಜಿ, ಮನೇಗೆ ಕಣಜ ಹೊಕ್ತೇನ್ಲಾ, ರುಕ್ಕು ನಗಲಿಲ್ಲ, ಕೈಯನ್ನು ಒಳಗೂ ಎಳೆದುಕೊಳ್ಳಲಿಲ್ಲ, ಕತ್ತಲನ್ನೇ ಆಲಿಸುತ್ತ, ಅಮ್ಮ ಕೆಮ್ಮಲೇ ಇಲ್ಲ, ಅಂದಳು.

ಕೆಮ್ಮು, ಮಗು ಎದ್ದೀತೆಂದು ಆದಿ ಸೆರಗನ್ನು ಬಾಯಿಗೆ ತುರುಕಿಕೊಂಡು ನುಂಗುತ್ತಿದ್ದ ಆ ಕೆಮ್ಮು, ಅದು ಕೇಳಿದರೇ ಮಲಗುತ್ತಿತ್ತೇ ಈ ಕೂಸು, ಶ್ಯಾನುಭೋಗರನ್ನು ಆಡಿ ತೋರಿಸಿದ್ದೇನೆ, ಪೋಲೀಸನನ್ನು ಆಡಿದ್ದೇನೆ, ಸತ್ತವಳನ್ನು ಹೇಗೆ ಆಡಲಿ, ನಾಳೆ ಮತ್ತೆ ರುಕ್ಕು ಬೆಂಚಿನ ಮೇಲೆ ತೂಕಡಿಸುತ್ತಾಳೆ, ಬಳಪ ಜಾರುತ್ತದೆ, ಓದ್ಸಿ ಅಂದಿದ್ದಳಲ್ಲ ಆದಿ, ಓದ್ಸಿ — ಕೆಮ್ಮಿದ. ಸುಳ್ಳು ಕೆಮ್ಮು, ನಾಟಕದವರದು. ಹಿಂಗಲ್ಲಪ್ಪಾ. ಗೋಡೆಯ ಕಡೆ ತಿರುಗಿ, ಪಂಚೆಯ ಚುಂಗು ಬಾಯಿಗೆ ಒತ್ತಿಕೊಂಡ, ಆಗ ಬಂತು, ಎಲ್ಲೋ ತಳದಿಂದ, ತಡೆದು ತಡೆದು, ತುದಿಯಲ್ಲಿ ಆ ಸಣ್ಣ ಸಿಳ್ಳಿನ ಸಮೇತ, ಅವಳದೇ, ತಿರುಗಿ ನೋಡಲು ಭಯವಾಯಿತು, ನೋಡಿದ. ಕಣ್ಣು ಮುಚ್ಚಿತ್ತು, ಉಸಿರು ನಿಧಾನವಾಗಿತ್ತು, ನಿದ್ದೆ, ಕೊನೆಗೂ ನಿದ್ದೆ, ಕೈ ಮಾತ್ರ ಕಂಬಳಿಯಾಚೆ ನೀಳವಾಗಿ ಚಾಚಿಕೊಂಡಿತ್ತು, ಬೆರಳುಗಳು ಯಾವುದನ್ನೋ ಹಿಡಿದಂತೆ ದುಂಡಗೆ ಬಾಗಿ — ನೀರ್ ಕುಡಿಯಮ್ಮಾ, ಅಂದಳು ನಿದ್ದೆಯಲ್ಲೇ. ದಿನಾಲೂ ಹೀಗೇ ಅಮ್ಮನಿಗೆ ಕೊಡುತ್ತಿದ್ದಳೇ ನೀರಿನ ಚೊಂಬು, ಅವನು ಗುಣಿಯಲ್ಲಿ ಕೂತು, ಬೆನ್ನು ಇತ್ತ ಹಾಕಿ, ನೇಯುತ್ತಿದ್ದಾಗ, ತುಂಟಾಟ ಅಂದುಕೊಂಡು ಮತ್ತೆ ಮತ್ತೆ ಒಳಗಿಟ್ಟ ಕೈ, ಬರಿಗೈ, ಇಳಿಯುತ್ತಿಲ್ಲ, ಯಾರಾದರೂ ಈಸಿಕೊಳ್ಳಲಿ ಎಂದು ಕಾಯುತ್ತ ಗಾಳಿಯಲ್ಲಿ ನಿಂತ ಆ ಕೈ, ಆ ಪುಟ್ಟ ಕೈ, ಕೈ —