ಕರಡಿಯ ಉಸಿರು

ರಾತ್ರಿ ಒಂದೂವರೆಯ ಹೊತ್ತಿಗೆ ಶೆಡ್ಡಿನ ಕಡೆಯಿಂದ ‘ಟಪ್’ ಎಂದು ಒಂದು ಸಣ್ಣ ಸದ್ದು ಕೇಳಿಸಿತು. ಉಸಿರು ಹಿಡಿದು ಎಣಿಸತೊಡಗಿದೆ. ನಲವತ್ತೆರಡಕ್ಕೆ ಇನ್ನೊಂದು ‘ಟಪ್’.

ಮನೆಯಲ್ಲಿ ಉಳಿದವರಿಗೆ ಕೇಳದ ಸದ್ದುಗಳೆಲ್ಲ ನನಗೆ ಕೇಳುತ್ತವೆ. ಮಲಗುವ ಮುಂಚೆ ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ಮುಟ್ಟಿ ನೋಡುವವಳು ನಾನು. ‘ನಮ್ಮನೆಗೆ ನಾಯಿ ಬೇಡ, ಸೊಸೆ ಇದಾಳೆ’ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಿದ ದಿನ ನನ್ನ ತಟ್ಟೆಗೆ ಒಂದು ತುತ್ತು ಹೆಚ್ಚಾಗಿಯೇ ಬಡಿಸುತ್ತಾರೆ, ಅದು ಬೇರೆ ಮಾತು.

ಟಾರ್ಚ್ ಹಿಡಿದು ಶೆಡ್ಡಿಗೆ ಹೋದೆ. ಅಲ್ಲಿ ಮಾವನ ಹಳೆಯ ಜೀಪು ನಿಂತಿತ್ತು. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ, ಬೆಟ್ಟಕ್ಕೆಂದೇ ಹುಟ್ಟಿದ ಗಾಡಿ. ಮಾವ ರಸ್ತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಡ್ರೈವರಾಗಿದ್ದವರು. ನಿವೃತ್ತರಾದ ವರ್ಷವೇ ಇಲಾಖೆ ಇದನ್ನು ಹರಾಜು ಹಾಕಿದಾಗ, ತಾವು ಓಡಿಸಿದ್ದ ಗಾಡಿಯನ್ನು ಬೇರೆಯವರು ಓಡಿಸುವುದನ್ನು ನೋಡಲಾರೆ ಎಂದು ಕೊಂಡುಬಿಟ್ಟರು. ಗುರುಗುಟ್ಟುವ ಸದ್ದಿಗೆ ‘ಕರಡಿ’ ಎಂಬ ಹೆಸರು ಬಂತು.

ಕರಡಿಯ ಪಕ್ಕೆಯಲ್ಲಿರುವ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಅಂಚಿನಲ್ಲಿ ಒಂದು ಹನಿ ದಪ್ಪಗಾಗುತ್ತ ತೂಗುತ್ತಿತ್ತು. ಕೆಳಗೆ ಬಣ್ಣದ ಡಬ್ಬಿಯ ಹಳೇ ತಗಡು ಮುಚ್ಚಳ. ಬೆಳಿಗ್ಗೆ ಬೆಟ್ಟ ಹತ್ತಬೇಕೆಂದು ಮಾವ ಸಂಜೆಯೇ ಟ್ಯಾಂಕನ್ನು ಕುತ್ತಿಗೆವರೆಗೆ ತುಂಬಿಸಿದ್ದರು. ಶೆಡ್ಡಿನ ನೆಲ ಒಂದು ಬದಿಗೆ ಇಳಿಜಾರು. ಮುಚ್ಚಳದೊಳಗಿನ ರಬ್ಬರ್ ಸವೆದಿತ್ತು. ನನ್ನ ತಲೆ ಆಗಲೇ ಮುಂದಿನದನ್ನೆಲ್ಲ ನೋಡಿ ಮುಗಿಸಿತ್ತು: ಹನಿ, ಕಿಡಿ, ಬೆಂಕಿ, ಮರುದಿನದ ಪತ್ರಿಕೆಯಲ್ಲಿ ನಮ್ಮ ಬಗ್ಗೆ ನಾಲ್ಕು ಸಾಲು.

ಮಾವನನ್ನು ಎಬ್ಬಿಸಬಹುದಿತ್ತು, ಬೆಳಿಗ್ಗೆ ಬೆಟ್ಟ ಹತ್ತಿಸಬೇಕಾದವರ ನಿದ್ದೆ ಕೆಡಿಸಲು ಮನಸ್ಸಾಗಲಿಲ್ಲ. ಆದರೆ ಕರಡಿಯನ್ನು ಅವರ ಹೊರತು ಯಾರೂ ಮುಟ್ಟಬಾರದೆಂಬುದು ಮನೆಯ ಕಾನೂನು. ಹಿಂದೊಮ್ಮೆ ನಾನು ಅದರ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಆದರೂ ನಾನು ಪಠ್ಯಪುಸ್ತಕಗಳ ಪ್ರೂಫ್ ನೋಡುವವಳು. ತಪ್ಪು ಕಣ್ಣಿಗೆ ಬಿದ್ದ ಮೇಲೆ ತಿದ್ದದೆ ನಿದ್ದೆ ಬರುವುದಿಲ್ಲ. ತೊಳೆದಿಟ್ಟ ಹಾಲಿನ ಪ್ಲಾಸ್ಟಿಕ್ ಪ್ಯಾಕೆಟ್ಟೊಂದನ್ನು ಎರಡು ಪದರವಾಗಿ ಮಡಚಿ, ಟ್ಯಾಂಕಿನ ಬಾಯಿಗೆ ಹಾಸಿ, ಮೇಲೆ ಮುಚ್ಚಳವನ್ನು ಮೈಬಲವೆಲ್ಲ ಹಾಕಿ ತಿರುಗಿಸಿದೆ. ನೂರು ಎಣಿಸಿದೆ. ಹನಿ ಬೀಳಲಿಲ್ಲ. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡು, ಬಹಳ ದಿನಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಹೇಳಲು ಪುರಸೊತ್ತೇ ಸಿಗಲಿಲ್ಲ. ಘಟ್ಟದ ಆಚೆಯ ಊರಿನಲ್ಲಿರುವ ನನ್ನ ನಾದಿನಿ ಮರುದಿನ ಹೊಲಿಗೆ ಅಂಗಡಿ ತೆರೆಯುವವಳಿದ್ದಳು. ಅತ್ತೆ ಮೂವತ್ತು ವರ್ಷ ತುಳಿದ ಹೊಲಿಗೆ ಯಂತ್ರವನ್ನು ಅವಳಿಗೆ ಮುಟ್ಟಿಸಬೇಕಿತ್ತು. ಕಾಲಲ್ಲಿ ತುಳಿಯುವ, ಕಬ್ಬಿಣದ ಸ್ಟ್ಯಾಂಡಿನ ಯಂತ್ರ ಅದು. ಜೀಪಿನ ಹಿಂಭಾಗದಲ್ಲಿ ಅದನ್ನು ನಿಲ್ಲಿಸಿ ಹಗ್ಗ ಬಿಗಿಯುವಷ್ಟರಲ್ಲಿ ಅತ್ತೆ ಮಾವನ ನಡುವೆ ಮೂರು ಜಗಳ ಮುಗಿದಿದ್ದವು.

ಈ ಪ್ರಯಾಣಕ್ಕೆ ಇನ್ನೊಂದು ಭಾರವೂ ಇತ್ತು. ನನ್ನ ಗಂಡನದು ಊರೂರು ಸುತ್ತಿ ಲಿಫ್ಟುಗಳನ್ನು ತಪಾಸಣೆ ಮಾಡುವ ಕೆಲಸ. ಹಳೆಯ ಯಂತ್ರ ಕಂಡರೆ ಅವರಿಗಾಗದು. ಎರಡು ವರ್ಷದಿಂದ ಕರಡಿಯನ್ನು ಗುಜರಿಗೆ ಹಾಕಿ ಎಂದು ಅಪ್ಪನ ಬೆನ್ನು ಹತ್ತಿದ್ದರು. ಕೊನೆಗೆ ಅಪ್ಪ ಮಗ ಒಂದು ಒಪ್ಪಂದಕ್ಕೆ ಬಂದರು: ಕರಡಿ ಘಟ್ಟವನ್ನು ತನ್ನ ಕಾಲ ಮೇಲೆ ದಾಟಿದರೆ ಮನೆಯಲ್ಲೇ ಇರುತ್ತದೆ, ಮತ್ತೆ ಆ ಮಾತೇ ಎತ್ತುವಂತಿಲ್ಲ. ಬೇರೆ ಗಾಡಿ ಹಗ್ಗ ಕಟ್ಟಿ ಎಳೆಯಬೇಕಾಗಿ ಬಂದರೆ ಮಾವ ಕೀಲಿಕೈ ಒಪ್ಪಿಸಬೇಕು. ಸಾಕ್ಷಿ ನಾನು. ‘ಅವಳಿಗೆ ಸುಳ್ಳು ಬರಲ್ಲ. ಹೇಳೋಕೆ ಹೋದ್ರೂ ಮುಖವೇ ಹೇಳಿಬಿಡುತ್ತೆ’ ಎಂದು ಗಂಡ ಹೇಳಿದ್ದನ್ನು ಮಾವ ಮರುಮಾತಿಲ್ಲದೆ ಒಪ್ಪಿದ್ದರು.

ಬೆಟ್ಟದ ರಸ್ತೆಗೆ ಇಪ್ಪತ್ತೇಳು ತಿರುವುಗಳು. ಪ್ರತಿ ತಿರುವಿನಲ್ಲೂ ಬಿಳಿ ಕಲ್ಲಿನ ಮೇಲೆ ಅದರ ನಂಬರು. ಮೊದಲ ಐದನ್ನು ಕರಡಿ ಗುರುಗುಡುತ್ತ ನುಂಗಿತು. ಮಾವನ ಮುಖಕ್ಕೆ ಹತ್ತು ವರ್ಷ ಕಡಿಮೆಯಾಯಿತು. ಪ್ರತಿ ತಿರುವಿಗೂ ಒಂದು ಕಥೆಯಿತ್ತು: ಇಲ್ಲಿ ದೊಡ್ಡ ಎಂಜಿನಿಯರರ ಟೋಪಿ ಹಾರಿಹೋಗಿದ್ದು, ಇಲ್ಲಿ ಮಂಜಿನಲ್ಲಿ ದಾರಿ ಕಾಣದೆ ತಾವು ಗುಡ್ಡದ ವಾಸನೆ ಹಿಡಿದು ಓಡಿಸಿದ್ದು. ಹಿಂದೆ ಯಂತ್ರವನ್ನು ತಬ್ಬಿಕೊಂಡು ಕೂತಿದ್ದ ಅತ್ತೆ, ಹೋದ ಸಲ ಈ ಟೋಪಿ ಒಂಬತ್ತನೇ ತಿರುವಿನಲ್ಲಿ ಹಾರಿತ್ತಲ್ಲ ಎಂದು ನೆನಪಿಸಿದರು.

ಒಂಬತ್ತನೇ ತಿರುವಿನಲ್ಲಿ ಕರಡಿ ಎರಡು ಸಲ ಕೆಮ್ಮಿ, ತಲೆಯಾಡಿಸಿ, ನಿಂತೇಬಿಟ್ಟಿತು.

ನಾನು ಇಳಿದು ಚಕ್ರದ ಹಿಂದೆ ಕಲ್ಲು ಇಟ್ಟೆ. ಮಾವ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕೀಲಿ ತಿರುಗಿಸಲು ನನಗೆ ಸನ್ನೆ ಮಾಡಿದರು. ಡಾಕ್ಟರು ಎದೆ ನೋಡುವ ಹಾಗೆ ಕಣ್ಣು ಮುಚ್ಚಿ ಕೇಳಿದರು. ಪೆಟ್ರೋಲು ಬರುತ್ತಿಲ್ಲ, ಪಂಪು ಸುಸ್ತಾಗಿದೆ ಎಂದು ತೀರ್ಪು ಬಂತು. ಸ್ಪ್ಯಾನರಿನಿಂದ ಪಂಪಿನ ನೆತ್ತಿಗೆ ಮೂರು ಏಟು ಕೊಟ್ಟು, ಈಗ ಸ್ವಲ್ಪ ಯೋಚನೆ ಮಾಡಲಿ ಬಿಡಿ ಎಂದರು. ನಾವು ಫ್ಲಾಸ್ಕಿನಿಂದ ಚಹಾ ಕುಡಿದೆವು. ಕೆಳಗೆ ಬಯಲು, ನದಿ, ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ನಮ್ಮ ಬೀದಿ. ಕಾಲು ಗಂಟೆಯ ನಂತರ ಕೀಲಿ ತಿರುಗಿಸಿದರೆ ಕರಡಿ ಏನೂ ಆಗದವರ ಹಾಗೆ ಎದ್ದು ನಿಂತಿತು.

ಎರಡನೆಯ ಸಲ ಹದಿನೇಳರಲ್ಲಿ. ಮತ್ತೆ ಕಲ್ಲು, ಸ್ಕ್ರೂಡ್ರೈವರು, ಮೂರು ಏಟು. ಈ ಸಲ ಬುತ್ತಿ ಬಿಚ್ಚಿದೆವು. ತಿನ್ನುತ್ತಾ ಕೂತಿದ್ದಾಗ ಒಂದು ಹದ್ದು ನಮ್ಮ ಕಾಲಿನ ಕೆಳಗೆ, ಕಣಿವೆಯಲ್ಲಿ ತೇಲುತ್ತ ಹೋಯಿತು. ಹದ್ದಿನ ಹೊಟ್ಟೆಯನ್ನು ಎಷ್ಟೋ ಸಲ ನೋಡಿದ್ದೇನೆ, ಅದರ ಬೆನ್ನು ನೋಡಿದ್ದು ಅದೇ ಮೊದಲು. ಕಂದು ಬಣ್ಣದ ಬೆನ್ನಿನ ಮೇಲೆ ಬಿಸಿಲು ಬಿದ್ದು ತಾಮ್ರದ ಹಾಗೆ ಹೊಳೆಯುತ್ತಿತ್ತು. ಬ್ರೇಕು, ಪ್ರಪಾತ, ಕತ್ತಲಾಗುವ ಹೊತ್ತು ಎಲ್ಲವನ್ನೂ ಒಂದು ಗಳಿಗೆ ಮರೆತೆ. ಗಾಡಿ ಕೆಡದಿದ್ದರೆ ಇದೆಲ್ಲ ನೋಡೋಕೆ ಸಿಗ್ತಿತ್ತಾ ಎಂದು ಮಾವ ಕೇಳಿದರು. ನನ್ನ ಮಿಶನ್ನು ಮೂವತ್ತು ವರ್ಷದಲ್ಲಿ ಒಂದು ದಿನ ಕೆಟ್ಟಿಲ್ಲ, ಅದಕ್ಕೇ ನಾನು ಏನೂ ನೋಡಿಲ್ಲ ಎಂದರು ಅತ್ತೆ.

ಇಪ್ಪತ್ತೈದನೇ ತಿರುವಿನಲ್ಲಿ ಕರಡಿ ನಿಂತಾಗ ಯಾರೂ ನಗಲಿಲ್ಲ. ಮೇಲೆ ಇನ್ನು ಎರಡೇ ತಿರುವು. ಘಟ್ಟದ ನೆತ್ತಿ ಅಲ್ಲೇ ಕಾಣುತ್ತಿತ್ತು. ಮೂರು ಏಟು ಕೊಟ್ಟರು, ಏಳಲಿಲ್ಲ. ಇನ್ನೂ ಮೂರು ಕೊಟ್ಟರು. ಬಗ್ಗಿ ಏಳುವಾಗ ಮಾವನ ಅಂಗಿಯ ಜೇಬು ಬಾನೆಟ್ಟಿನ ಕೊಕ್ಕೆಗೆ ಸಿಕ್ಕಿ ಪರ್ರನೆ ಹರಿಯಿತು. ಅತ್ತೆ ಅಂಗಿ ಬಿಚ್ಚಿಸಿ ಇಸಿದುಕೊಂಡರು. ಸುಮ್ಮನೆ ಕೂತು ನೋಡಲು ಅವರ ಕೈಲಾಗದು. ಜೀಪಿನ ಹಿಂದೆ ಪೆಟ್ಟಿಗೆಯ ಮೇಲೆ ಕೂತು, ಹಗ್ಗ ಬಿಗಿದ ಯಂತ್ರಕ್ಕೆ ದಾರ ಪೋಣಿಸಿ, ಮೋಡಗಳಿಗಿಂತ ಎತ್ತರದಲ್ಲಿ ಟಕಟಕನೆ ಹೊಲಿಯತೊಡಗಿದರು.

ಅದೇ ಹೊತ್ತಿಗೆ ಕೆಳಗಿನಿಂದ ಒಂದು ಲಾರಿ ಬಂತು. ಬನಿಯನ್ನಿನಲ್ಲಿ ಎಂಜಿನ್ನಿನೊಳಗೆ ತಲೆ ಹಾಕಿದ ಮುದುಕ, ಕಲ್ಲು ಹೊರುತ್ತಿರುವ ಹೆಂಗಸು, ಹೊಲಿಗೆ ಹಾಕುತ್ತಿರುವ ಅಜ್ಜಿ. ಲಾರಿಯವನು ಬ್ರೇಕ್ ಹಾಕಿ, ತಲೆ ಹೊರಗೆ ಹಾಕಿದ.

‘ಅಂಗಡಿ ಯಾವಾಗ ಹಾಕಿದ್ರಿ ಅಮ್ಮಾ ಇಲ್ಲಿ?’

‘ಈಗಷ್ಟೇ ಕಣಪ್ಪ. ನೀನೇ ಮೊದಲ ಗಿರಾಕಿ. ಆ ಅಂಗಿ ತೋಳು ಬಿಚ್ಚಿದೆ, ಇಲ್ಲಿ ಕೊಡು.’

ಅವನ ತೋಳಿನ ಹೊಲಿಗೆಯೂ ಮುಗಿಯಿತು, ಅವನು ಲಾರಿಯಿಂದ ಹಗ್ಗವನ್ನೂ ತಂದ. ಎರಡು ತಿರುವು ತಾನೇ, ಹತ್ತು ನಿಮಿಷದಲ್ಲಿ ಎಳೆದು ಮೇಲೆ ಬಿಡುತ್ತೇನೆ ಎಂದ. ಒಳ್ಳೆಯ ಮನುಷ್ಯ. ಅವನಿಗೇನು ಗೊತ್ತು.

ಮಾವ ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೆಳಗಿಟ್ಟು, ಕೀಲಿಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು.

‘ಕರಡಿ ಕೆಟ್ಟಿಲ್ಲಮ್ಮ, ನನ್ನ ಕಿವಿ ಕೆಟ್ಟಿದೆ. ಮುಂಚೆ ಅದು ಹೇಳಿದ್ದು ನಂಗೆ ಅರ್ಥ ಆಗ್ತಿತ್ತು. ಕೊಟ್ಟುಬಿಡು ನಿನ್ನ ಗಂಡನಿಗೆ.’

ಅತ್ತೆ ಏನಾದರೂ ಚುಚ್ಚುತ್ತಾರೆ ಎಂದು ಕಾದೆ. ಅವರು ಹೊಲಿದ ಅಂಗಿಯನ್ನು ಮಾವನ ಹೆಗಲಿಗೆ ಹಾಕಿ, ಒಂದೊಂದೇ ಗುಂಡಿ ಹಾಕಿಕೊಟ್ಟರು.

ಲಾರಿಯವನು ಬಂಪರಿಗೆ ಗಂಟು ಹಾಕಲು ಬಗ್ಗಿದ. ಹಗ್ಗ ಎಳೆದಾಗ ಗಾಡಿ ಜಗ್ಗುತ್ತದೆ, ಜಗ್ಗಿದರೆ ಪೆಟ್ರೋಲು ಚೆಲ್ಲುತ್ತದೆ ಎಂದು ನನ್ನ ತಲೆ ಎಂದಿನಂತೆ ಹೊಸ ಭಯವೊಂದನ್ನು ಹುಡುಕಿಕೊಂಡಿತು. ಮುಚ್ಚಳ ಬಿಗಿಯಾಗಿದೆಯೋ ನೋಡಿ ಬರುತ್ತೇನೆ ಎಂದು ಪಕ್ಕಕ್ಕೆ ಹೋದೆ. ಬಿಗಿಯಾಗಿಯೇ ಇತ್ತು. ಆದರೂ ತೆಗೆದು ಮತ್ತೊಮ್ಮೆ ಹಾಕದಿದ್ದರೆ ನಾನು ನಾನಲ್ಲ. ತಿರುಗಿಸಿದೆ. ಬರಲಿಲ್ಲ. ಎರಡೂ ಕೈ ಹಾಕಿದೆ.

‘ಹುಸ್ಸ್’ ಎಂದು ಕರಡಿ ಉದ್ದನೆಯ ಉಸಿರು ಒಳಗೆಳೆದುಕೊಂಡಿತು.

ನನ್ನ ಹಾಲಿನ ಪ್ಯಾಕೆಟ್ಟು ಟ್ಯಾಂಕಿನ ಬಾಯೊಳಕ್ಕೆ ಬಟ್ಟಲಿನ ಹಾಗೆ ಜೋತುಬಿದ್ದಿತ್ತು. ಹಾಗೇ ನೋಡುತ್ತ ನಿಂತೆ. ಮಗಳು ಕೈಗೂಸಾಗಿದ್ದಾಗ ಬಾಟಲಿ ಚೀಪುತ್ತ ಚೀಪುತ್ತ ರಬ್ಬರಿನ ತೊಟ್ಟು ಒಳಕ್ಕೆ ಅಂಟಿಕೊಂಡು, ಹಾಲು ಬರದೆ ಕಿರುಚುತ್ತಿದ್ದಳು. ಬಿರಡೆಯನ್ನು ಚೂರು ಸಡಿಲಿಸಿ ಗಾಳಿ ಬಿಟ್ಟರೆ ಮತ್ತೆ ಗಟಗಟ ಕುಡಿಯುತ್ತಿದ್ದಳು. ಮುಚ್ಚಳವನ್ನು ತಿರುಗಿಸಿ ನೋಡಿದೆ. ನಡುವೆ ಸೂಜಿಮೊನೆಯಷ್ಟು ಒಂದು ತೂತು. ಪೆಟ್ರೋಲು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಲೆಂದು ಮಾಡಿದ ತೂತು. ಅದು ಗಾಡಿಯ ಮೂಗು. ನಾನು ರಾತ್ರಿ ಅದನ್ನು ಒತ್ತಿ ಹಿಡಿದು ಮುಚ್ಚಿ, ನಿಶ್ಚಿಂತೆಯಿಂದ ಮಲಗಿದ್ದೆ. ನಿಂತಾಗ ಹೇಗೋ ಸಂದಿನಿಂದ ಒಂದಿಷ್ಟು ಗಾಳಿ ನುಸುಳಿದ್ದಕ್ಕೆ ಕರಡಿ ಮೂರು ಸಲ ಸತ್ತು ಎರಡು ಸಲ ಬದುಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ನನ್ನ ತಪ್ಪಿಗೆ ಪಾಪ ಪಂಪು ಹನ್ನೆರಡು ಏಟು ತಿಂದಿತ್ತು.

ಪ್ಲಾಸ್ಟಿಕ್ಕನ್ನು ಮಡಚಿ ಚೀಲದಲ್ಲಿದ್ದ ಕನ್ನಡಕದ ಡಬ್ಬಿಯೊಳಗೆ ತುರುಕಿದೆ. ಮುಚ್ಚಳ ಹಾಕಿ, ಕೀಲಿಕೈಯನ್ನು ಮಾವನಿಗೆ ಚಾಚಿದೆ.

‘ಮಾವ, ಇನ್ನೊಂದೇ ಸಲ. ನನಗೋಸ್ಕರ ಪಂಪಿಗೆ ಮೂರು ಕೊಡಿ.’

ಅವರಿಗೆ ಮನಸ್ಸಿರಲಿಲ್ಲ. ಸೊಸೆ ಏನನ್ನೂ ಕೇಳುವವಳಲ್ಲವಲ್ಲ ಎಂದು ಹೋಗಿ ಬಡಿದರು. ನಾನು ಕೀಲಿ ತಿರುಗಿಸಿದೆ. ಮೊದಲ ಸಲ ಬರಿಯ ಗರಗರ. ಎರಡನೇ ಸಲ ಒಂದು ಕೆಮ್ಮು. ಮೂರನೆಯದಕ್ಕೆ ಕರಡಿ ಬೆಟ್ಟವೆಲ್ಲ ಕೇಳುವಂತೆ ಗುಡುಗಿತು. ಬಂಪರಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಲಾರಿಯವನು ಹಿಂದಕ್ಕೆ ಬಿದ್ದ. ಮಾವ ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿದರು. ಅವರ ಮುಖ ಅರಳುವುದನ್ನು ಗಾಜಿನೊಳಗಿಂದ ನೋಡಿದೆ.

‘ಕೇಳಿದ್ಯಾ?’ ಎಂದರು ಅತ್ತೆಗೆ. ‘ಪಂಪೇ ಅಂತ ನಾನು ಮೊದಲೇ ಹೇಳಿರಲಿಲ್ವಾ?’

‘ಹೇಳಿದ್ರಿ ಬಿಡಿ. ಈಗ ಹತ್ತಿ, ಅದು ಮನಸ್ಸು ಬದಲಾಯಿಸೋ ಮುಂಚೆ.’

ಇಪ್ಪತ್ತಾರು, ಇಪ್ಪತ್ತೇಳು. ನೆತ್ತಿಯಲ್ಲಿ ಗಾಳಿ ಮುಖಕ್ಕೆ ರಾಚಿತು. ಎರಡೂ ಕಡೆಯ ನಾಡು ಒಟ್ಟಿಗೆ ಕಂಡಿತು, ಹಿಂದೆ ಬಿಸಿಲು, ಮುಂದೆ ಬೆಳ್ಳನೆ ಮೋಡ. ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಹಾಡತೊಡಗಿದರು. ಹದಿನೆಂಟು ವರ್ಷದಲ್ಲಿ ನಾನು ಅವರ ಹಾಡು ಕೇಳಿರಲಿಲ್ಲ. ಶ್ರುತಿ ಅತ್ತ, ತಾಳ ಇತ್ತ. ಹಿಂದೆ ಅತ್ತೆ ಖಾಲಿ ಯಂತ್ರವನ್ನು ತುಳಿಯುತ್ತ ತಾಳ ಸರಿಪಡಿಸುತ್ತಿದ್ದರು. ಲಾರಿಯವನು ಹಿಂದಿನಿಂದ ಹಾರ್ನ್ ಹೊಡೆದು ಸೇರಿಕೊಂಡ.

ಸಂಜೆ ನಾದಿನಿಯ ಮನೆಯಲ್ಲಿ ಮಾವ ಹೇಳುವ ಕಥೆಯಲ್ಲಿ ಮೂರು ಏಟು ಏಳಾಗಿದ್ದವು. ಮೊದಲೆರಡು ಸಲ ಬಡಿದಾಗ ಗಾಡಿ ಮತ್ತೆ ನಿಂತಿತು, ಕೊನೆಯ ಸಲ ಬಡಿದದ್ದು ಹೇಗೆ ನಾಟಿತು ಎಂದು ಅವಳು ಕೇಳಿದಳು. ಅದು ನಿಮ್ಮಮ್ಮನ ಜಾತಿ, ಒಂದೆರಡು ಸಲ ಹೇಳಿದರೆ ಕಿವಿಗೇ ಹಾಕಿಕೊಳ್ಳಲ್ಲ ಎಂದರು ಮಾವ. ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದು.

ಅಷ್ಟರಲ್ಲಿ ಗಂಡನ ಫೋನು ಬಂತು. ಎಲ್ಲರೂ ನನ್ನನ್ನೇ ನೋಡಿದರು. ನಾನು ಫೋನು ಹಿಡಿದು ಹೊರಗೆ, ಕರಡಿ ನಿಂತಿದ್ದಲ್ಲಿಗೆ ಹೋದೆ. ಅದರ ಮೈ ಇನ್ನೂ ಬೆಚ್ಚಗಿತ್ತು.

‘ನಿಜ ಹೇಳು. ಯಾರಾದ್ರೂ ಎಳೆದ್ರಾ?’

‘ಯಾರೂ ಎಳೀಲಿಲ್ಲ. ತಾನೇ ಹತ್ತಿತು.’

‘ಮಧ್ಯದಲ್ಲಿ ಏನೂ ಆಗ್ಲಿಲ್ವಾ?’

ಪದಗಳನ್ನು ತೂಗಿ ಬಳಸುವುದು ನನ್ನ ಕಸುಬು. ಮೂರು ಕಡೆ ನಿಂತೆವು, ಹದ್ದಿನ ಬೆನ್ನು ನೋಡಿದೆವು, ಅಪ್ಪ ರಿಪೇರಿ ಮಾಡಿದರು ಎಂದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂಬುದು ಎಷ್ಟು ಒಳ್ಳೆಯ ವ್ಯವಸ್ಥೆ.

ಒಳಗೆ ಏಟುಗಳು ಒಂಬತ್ತಾಗಿದ್ದವು. ನಾಳೆ ಇದೇ ಊರಿನ ಅಂಗಡಿಯಲ್ಲಿ ಮುಚ್ಚಳಕ್ಕೊಂದು ಹೊಸ ರಬ್ಬರ್ ಕೊಂಡು ಸದ್ದಿಲ್ಲದೆ ಹಾಕಬೇಕು, ಟ್ಯಾಂಕನ್ನು ಕುತ್ತಿಗೆವರೆಗೆ ತುಂಬಿಸದಂತೆ ಹೇಗಾದರೂ ನೋಡಿಕೊಳ್ಳಬೇಕು. ಪ್ಯಾಕೆಟ್ಟನ್ನು ಕಸದ ಬುಟ್ಟಿಯ ತಳಕ್ಕೆ ಇಳಿಸಿದೆ. ಕನ್ನಡಕ ಹಾಕಿಕೊಂಡರೆ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಅತ್ತೆ ಕೇಳಿದರೆ ಒರೆಸುವ ಬಟ್ಟೆಯದು ಎನ್ನಬಹುದು. ಗಂಡನಿಗಾಗಲಿ, ನಾದಿನಿಗಾಗಲಿ, ಕಾಲೇಜಿನಲ್ಲಿರುವ ಮಗಳಿಗಾಗಲಿ, ಇದನ್ನು ನಾನು ಯಾರಿಗೂ ಹೇಳುವುದಿಲ್ಲ.