ಇಪ್ಪತ್ತು ನಿಮಿಷದ ಉಂಗುರ

ಮುತ್ತುಸೆಲ್ವಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅಪ್ಪನ ರಕ್ತದಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳು ಗಿಡ್ಡಗೆ, ದಷ್ಟಪುಷ್ಟವಾಗಿದ್ದವು. ಹಲವಕ್ಕೆ ನಡುವೆ ಸೊಂಟ ಬಿದ್ದಿತ್ತು. ಸೊಂಟ ಬಿತ್ತೆಂದರೆ ಒಂದು ಎರಡಾಯಿತೆಂದೇ ಅರ್ಥ.

ತಮಿಳುನಾಡಿನ ತೇನಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಹತ್ತು ವರ್ಷ ದುಡಿದವಳಿಗೆ ಇದೆಲ್ಲ ಬಾಯಿಪಾಠ. ಜೀವಕೋಶದ ನಟ್ಟನಡುವೆ ಎಫ್‌ಟಿಎಸ್‌ಜೆಡ್ ಎಂಬ ಪ್ರೋಟೀನಿನ ಸಾವಿರಾರು ತುಣುಕುಗಳು ಒಂದಕ್ಕೊಂದು ಕೈ ಹಿಡಿದು ಉಂಗುರ ಕಟ್ಟುತ್ತವೆ. ಉಂಗುರ ಕಿರಿದಾಗುತ್ತ ಹೋದಂತೆ ಜೊತೆಯ ಪ್ರೋಟೀನುಗಳು ಒಳಮುಖವಾಗಿ ಗೋಡೆ ಎಬ್ಬಿಸುತ್ತವೆ. ಗೋಡೆ ಕೂಡಿತೋ, ಮನೆ ಪಾಲಾಯಿತು. ಹದವಾದ ಬಿಸಿ, ಹೊಟ್ಟೆತುಂಬ ಊಟ ಸಿಕ್ಕರೆ ಇಷ್ಟಕ್ಕೆಲ್ಲ ಇಪ್ಪತ್ತೇ ನಿಮಿಷ ಸಾಕು.

ವಾರದ ಹಿಂದೆ ಹೀಗಿರಲಿಲ್ಲ. ಅಪ್ಪ ದುರೈ ಕಂಬಂ ಊರಿನಲ್ಲಿ ಕುಲದೇವರ ದನದ ಹಿಂಡು ಕಾಯುವವರು. ಕೋಡು ತಿವಿದ ಕಾಲಿಗೆ ಸಗಣಿ ತಗಲಿ ಕೀವಾಗಿತ್ತು. ಎರಡು ದಿನ ಮಾತ್ರೆ ನುಂಗಿದ ಮೇಲೆ ತೆಗೆದ ಕೀವಿನಲ್ಲಿ ಇವೇ ಜೀವಿಗಳು ದಾರದಂತೆ ಉದ್ದುದ್ದ ಬೆಳೆದಿದ್ದವು. ಉಂಗುರವೇನೋ ಇತ್ತು, ಆದರೆ ಗೋಡೆ ಕಟ್ಟುವ ಪ್ರೋಟೀನಿನ ಕೈಯನ್ನು ಮದ್ದು ಹಿಡಿದುಬಿಟ್ಟಿತ್ತು. ಆ ಚಿತ್ರವನ್ನು ಅಪ್ಪನಿಗೆ ಫೋನಿನಲ್ಲಿ ತೋರಿಸಿ, "ನೋಡಪ್ಪಾ, ಮದ್ದು ಎಲ್ಲಾನೂ ಕಟ್ಟಿಹಾಕಿಬಿಟ್ಟದೆ" ಎಂದು ಬೀಗಿದ್ದಳು. ಮದ್ದು ಕೈಬಿಟ್ಟರೆ ಒಂದೊಂದು ದಾರವೂ ಹತ್ತಾರು ತುಂಡಾಗಿ ಎದ್ದು ಕೂರುತ್ತದೆಂದು ಮಾತ್ರ ಹೇಳಲಿಲ್ಲ. ಹಾಳು ಬಾಯಿ!

ಅವ್ವ ವೀರಮ್ಮಾಳ್ ಹಳದಿ ಚೀಲ ಹಿಡಿದು ಲ್ಯಾಬಿನ ಬಾಗಿಲಿಗೆ ಬಂದಳು. ಚೀಲದಲ್ಲಿ ಅದೇ ಮಾತ್ರೆಗಳು, ಮುಕ್ಕಾಲು ಪಾಲು ಹಾಗೇ ಇದ್ದವು.

"ಯಾಕವ್ವಾ ನುಂಗಲಿಲ್ಲ?"

"ಮಾಟ್ಟುಪೊಂಗಲ್ ವಿರದಂ, ದನದ ಹಬ್ಬದ ವ್ರತ ಅಲ್ವಾ ಕಣ್ಣೇ? ಹಿಂಡು ಕಾಯೋರು ಐದು ದಿನ ಹಾಲು ಬಿಟ್ಟು ಏನೂ ಬಾಯಿಗಿಡಂಗಿಲ್ಲ. ಮಗಳೇ ಕಟ್ಟಿಹಾಕವಳೆ, ಇನ್ನೇನು ಬಯ ಅಂದ್ರು ನಿಮ್ಮಪ್ಪ. ನಾನೂ ಸರಿ ಅಂದೆ."

ಯಾರನ್ನು ಬೈಯುವುದು? ಮುತ್ತುಸೆಲ್ವಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ನಂಜು ರಕ್ತಕ್ಕೇರಿ ಐಸಿಯುನಲ್ಲಿ ಮಲಗಿದ್ದ ಅಪ್ಪನಿಗೆ ಡಾಕ್ಟರು ಅಂದಾಜಿನ ಮೇಲೆ ಜೋರು ಮದ್ದು ಹಾಕುತ್ತಿದ್ದರು. ಯಾವುದು ಹಿಡಿಯುತ್ತದೆಂದು ಖಚಿತವಾಗಿ ತಿಳಿಯಲು ಒಂದೇ ದಾರಿ, ಆ ಪಾಪಿಗಳನ್ನೇ ಸಾಕಬೇಕು. ಅವನ್ನು ತಟ್ಟೆಯ ಆಹಾರದ ಮೇಲೆ ಬಳಿದಳು, ಆರು ಬಗೆಯ ಮದ್ದು ಹೀರಿದ ಕಾಗದದ ಬಿಲ್ಲೆಗಳನ್ನು ಇಟ್ಟಳು, ಮೈಯಷ್ಟೇ ಬೆಚ್ಚಗಿನ ಪೆಟ್ಟಿಗೆಯೊಳಗೆ ಸೇರಿಸಿದಳು. ಅಲ್ಲಿ ಅಪ್ಪನ ಮೈಯಲ್ಲಿ ನಿಲ್ಲಿ, ಇಲ್ಲಿ ಬೇಗ ಬೇಗ ಒಡೆಯಿರಿ ಎಂದು ಕಣ್ಣಿಗೆ ಕಾಣದ ಜೀವಿಗಳಿಗೆ ಕೈ ಮುಗಿದಳು. ಅವು ಅವಳ ಮಾತನ್ನು ಅರ್ಧ ಕೇಳಿದವು.

ಮರುದಿನ ಬೆಳಿಗ್ಗೆ ಐದೂವರೆಗೆ ದುರೈ ಹೋದರು.

ಏಳಕ್ಕೆ ಅವಳು ಪೆಟ್ಟಿಗೆ ತೆರೆದಳು. ತೆರೆಯದೆ ಇರಲಾಗಲಿಲ್ಲ. ತಟ್ಟೆಯ ತುಂಬ ಬಿಳಿ ಪದರ ಹಬ್ಬಿತ್ತು. ಮೊದಲ ಬಿಲ್ಲೆಯ ಸುತ್ತ ಮಾತ್ರ ಜೀವಿಗಳು ಮದ್ದಿಗೆ ಸೋತು, ರೂಪಾಯಿ ಅಗಲ ಏನೂ ಬೆಳೆದಿರಲಿಲ್ಲ. ಅದು ಹಳದಿ ಚೀಲದ ಮದ್ದು.

ಹಿಂದೆ ಬಂದು ನಿಂತ ಅವ್ವ ಕೇಳಿದಳು. "ಯಾ ಮದ್ದಿಗೆ ಕೇಳ್ತಿತ್ತು ಕಣ್ಣೇ? ಚೀಲದ್ದಕ್ಕಾ?"

ಮುತ್ತುಸೆಲ್ವಿ ತಟ್ಟೆಗೆ ಮುಚ್ಚಳ ಹಾಕಿದಳು.

"ಯಾವುದೂ ಇಲ್ಲವ್ವಾ. ಇದು ಯಾ ಮದ್ದಿಗೂ ಬಗ್ಗದ್ದು."

ಅವ್ವ ಅಲ್ಲೇ ಕುಸಿದು ಕೂತು, ಸೆರಗು ಬಾಯಿಗೊತ್ತಿ ಅತ್ತಳು. ಮಗಳು ವರದಿಯ ಹಾಳೆ ಎಳೆದುಕೊಂಡು ಅಪ್ಪನ ಹೆಸರು ಬರೆದಳು. ಕೆಳಗೆ ಚೀಲದ ಮದ್ದಿನ ಹೆಸರು ಬರೆದು, ಅದರ ಮುಂದೆ 'ಕೇಳುತ್ತದೆ' ಎಂದು ತುಂಬಿದಳು.